ವ್ಯಾಟ್‌ಗಿಂತ ಬರ್ ಮುಖ್ಯ

ಬಾಳಿಕೆ ಬರುವ ಕಾಫಿ ಗ್ರೈಂಡರ್ ಬೇಕಿದ್ದರೆ ಮೋಟಾರಿನ ವ್ಯಾಟ್ ನೋಡಿ ಎಂದು ಲೇಖನವೊಂದರಲ್ಲಿ ಓದಿದೆ. ನನಗೆ ಒಪ್ಪಿಗೆಯಿಲ್ಲ. ನೋಡಬೇಕಾದದ್ದು ಬರ್, ಅಂದರೆ ಬೀಜವನ್ನು ನಡುವೆ ಸಿಕ್ಕಿಸಿ ಅರೆಯುವ ಹಲ್ಲುಳ್ಳ ಜೋಡಿ ಬಿಲ್ಲೆ. ಮನೆಯ ಎಸ್ಪ್ರೆಸೊಗೆ (ಪುಡಿಯ ಮೂಲಕ ಬಿಸಿನೀರನ್ನು ಒತ್ತಡದಿಂದ ಹಾಯಿಸಿ ಇಳಿಸುವ ಗಟ್ಟಿ ಕಾಫಿ) ಒಂದು ಸಲಕ್ಕೆ 18 ಗ್ರಾಂ ಆಸುಪಾಸು ಬೀಜ ಪುಡಿ ಮಾಡುತ್ತೇವೆ, ಅಷ್ಟಕ್ಕೆ ದೊಡ್ಡ ಮೋಟಾರೇನೂ ಬೇಡ. ಅಗ್ಗದ ಯಂತ್ರಗಳಲ್ಲಿ ಸವೆಯುವುದು ಒಳಗಿನ ಪ್ಲಾಸ್ಟಿಕ್ ಗೇರು, ಸಡಿಲವಾಗುವುದು ಬರ್ ಕೂರುವ ಭಾಗ. ಅದು ಸ್ವಲ್ಪ ಅಲುಗಿದರೂ ಸಾಕು, ಪುಡಿ ಒಂದೇ ಸಮ ಬರುವುದಿಲ್ಲ. 9 ಬಾರ್ ಒತ್ತಡದ ನೀರು ಸುಲಭದ ದಾರಿ ಹುಡುಕಿ ನುಗ್ಗುತ್ತದೆ, ಕಾಫಿ ಒಟ್ಟೊಟ್ಟಿಗೇ ಹುಳಿಯೂ ಕಹಿಯೂ ಆಗುತ್ತದೆ. ಬ್ಲೇಡ್ ತಿರುಗುವ ಗ್ರೈಂಡರಂತೂ ಎಸ್ಪ್ರೆಸೊಗೆ ಆಗಿಬರುವುದೇ ಇಲ್ಲ.

ಕೊಳ್ಳುವ ಮೊದಲು ಬದಲಿ ಬರ್ ಬಿಡಿಯಾಗಿ ಸಿಗುತ್ತದೆಯೇ ಎಂದು ದಯವಿಟ್ಟು ವಿಚಾರಿಸಿ. ಬರ್ ಎಷ್ಟೇ ಗಟ್ಟಿಯಿದ್ದರೂ ಒಂದು ದಿನ ಮೊಂಡಾಗುತ್ತದೆ. ಸೆರಾಮಿಕ್ ನಿಧಾನವಾಗಿ ಸವೆಯುತ್ತದೆ ನಿಜ, ಆದರೆ ಬೀಜದ ನಡುವೆ ಪುಟ್ಟ ಕಲ್ಲು ಸಿಕ್ಕರೆ ಅಂಚು ಚಕ್ಕೆ ಏಳಬಹುದು. ನನ್ನ ಆಯ್ಕೆ ಉಕ್ಕಿನದೇ. ಸ್ಕ್ರೂ ಬಿಚ್ಚಿ ಮನೆಯಲ್ಲೇ ಬ್ರಷ್‌ನಿಂದ ಸ್ವಚ್ಛ ಮಾಡುವಂತಿರಬೇಕು, ಏಕೆಂದರೆ ಕಪ್ಪಾಗಿ ಹುರಿದ ಬೀಜದ ಎಣ್ಣೆ ಒಳಗೆ ಅಂಟಿ ಕಮಟು ವಾಸನೆ ಬರುತ್ತದೆ. ಹಣ ಕಡಿಮೆಯಿದ್ದರೆ ಕೈಯಿಂದ ತಿರುಗಿಸುವ ಒಳ್ಳೆಯ ಗ್ರೈಂಡರ್ ತೆಗೆದುಕೊಳ್ಳಿ. ಮೋಟಾರೇ ಇಲ್ಲದ್ದರಿಂದ ಅಷ್ಟೂ ದುಡ್ಡು ಬರ್ ಮತ್ತು ಬೇರಿಂಗಿಗೆ ಹೋಗಿರುತ್ತದೆ.