ಮೂರು ಗುಂಡು ಹಾಕಿದ ದಿನ

"ಬೆಳಿಗ್ಗೆಯಿಂದ ಮೂರು ಗುಂಡು ಹಾಕಿದೆ ಕಣೋ, ಒಂದೂ ನಿಲ್ಲಲಿಲ್ಲ" ಅಂತ ಗೆಳೆಯನಿಗೆ ಫೋನಿನಲ್ಲಿ ಗೋಳು ಹೇಳಿಕೊಳ್ಳುತ್ತಿದ್ದೆ. ಹಿಂದೆ ನಿಂತಿದ್ದ ಓನರ್ ಆಂಟಿ ಹಾಲಿನ ಪಾತ್ರೆ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. "ಆಂಟಿ, ಅದು ಸಿಲಿಕಾ ಗುಂಡು!" ಎಂದು ಕೂಗಿದೆ. ಹೊಸ ಬ್ರ್ಯಾಂಡ್ ಅಂದುಕೊಂಡಿರಬೇಕು.

ನನ್ನ ಗುಂಡು ಅಂದರೆ ಗಾಜಿನಂಥ ಸಿಲಿಕಾದ ಪುಟ್ಟ ಉಂಡೆ, ಅಗಲ 5 ಮೈಕ್ರಾನ್. ತಲೆಕೂದಲಿನ ಹತ್ತರಲ್ಲೊಂದು ಪಾಲು ಇದ್ದರೆ ಹೆಚ್ಚು. ಅದನ್ನು ಅತಿ ಸಣ್ಣ ಬಲಗಳನ್ನೂ ಅಳೆಯಬಲ್ಲ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪಿನ ಕ್ಯಾಂಟಿಲಿವರ್ ತುದಿಗೆ ಅಂಟಿಸಬೇಕು. ಈಜುಕೊಳದ ಡೈವಿಂಗ್ ಹಲಗೆ ನೋಡಿದ್ದೀರಲ್ಲ, ಅದರ ಮರಿ ಮರಿ ಮರಿಮಗು ಈ ಕ್ಯಾಂಟಿಲಿವರ್. ಗುಂಡನ್ನು ಗಾಜಿಗೆ ಮುಟ್ಟಿಸಿ ಮೇಲಕ್ಕೆಳೆದರೆ ಹಲಗೆ ಬಾಗುತ್ತದೆ, ಆಮೇಲೆ ಪಟ್ಟಂತ ಬಿಡುತ್ತದೆ. ಎಷ್ಟು ಬಾಗಿತ್ತು ಅಂತ ಲೇಸರ್ ಹೇಳುತ್ತದೆ. ಅದನ್ನು ಹಲಗೆಯ ಬಿಗಿತದಿಂದ ಗುಣಿಸಿದರೆ ಗುಂಡು ಗಾಜಿಗೆ ಎಷ್ಟು ಬಲವಾಗಿ ಅಂಟಿತ್ತು ಅನ್ನೋದು ಸಿಕ್ಕಿತು. 1991ರಲ್ಲಿ ಡಕರ್, ಸೆಂಡೆನ್, ಪ್ಯಾಶ್ಲಿ ಎಂಬ ವಿಜ್ಞಾನಿಗಳು ಇದನ್ನು ಮಾಡಿ ತೋರಿಸಿದರು. ಅವರ ಕೈ ನಡುಗುತ್ತಿರಲಿಲ್ಲ ಅಂತ ಕಾಣುತ್ತದೆ.

ನನ್ನ ಗುಂಡು ಅದನ್ನು ಎತ್ತುವ ಸಣ್ಣ ತಂತಿಗೆ ಅಂಟುತ್ತದೆ, ಗಾಜಿಗೆ ಅಂಟುತ್ತದೆ, ಪಕ್ಕದ ಗುಂಡನ್ನು ತಬ್ಬಿಕೊಳ್ಳುತ್ತದೆ. ಕ್ಯಾಂಟಿಲಿವರಿಗೆ ಮಾತ್ರ ಒಲ್ಲೆ ಅನ್ನುತ್ತದೆ. ಮೂರನೆಯದು ಇನ್ನೇನು ಕೂತಿತು ಅನ್ನುವಾಗ ಸೀನು ಬಂತು. ಆ ಗುಂಡು ಈಗಲೂ ಲ್ಯಾಬಿನಲ್ಲೇ ಎಲ್ಲೋ ಇದೆ.

ಮರುದಿನ ನಾಲ್ಕನೆಯದು ಕೂತಿತು. ಅಷ್ಟರಲ್ಲಿ ಬೆಂಗಳೂರಿನ ಮಳೆ ಶುರು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಗುಂಡಿಗೂ ಗಾಜಿಗೂ ನಡುವೆ ನೀರಿನ ಪುಟ್ಟ ಸೇತುವೆ ಕಟ್ಟಿಕೊಳ್ಳುತ್ತದೆ. ಇಷ್ಟು ಸಣ್ಣ ಗುಂಡನ್ನು ಅದು 2 ಮೈಕ್ರೋನ್ಯೂಟನ್‌ವರೆಗೂ ಹಿಡಿದು ಜಗ್ಗಬಲ್ಲದು. ಗುಂಡಿನ ತೂಕದ ಹತ್ತು ಲಕ್ಷ ಪಟ್ಟಿಗೂ ಮೇಲಾಯಿತು! ಹಾಗಾಗಿ ಒಣ ನೈಟ್ರೋಜನ್ ಹಾಯಿಸಿ ಅಳೆದೆ. ಎರಡು ವಾರ ಅಳೆದೆ. ಆದರೂ ಗುಂಡು ಗಾಜನ್ನು ಬಿಡಲೊಲ್ಲದು. ಗ್ರಾಫ್ ನೋಡಿ ಗೈಡ್ ಹುಬ್ಬೇರಿಸಿದರು. ಹೊಸದೇನೋ ಕಂಡುಹಿಡಿದೆ ಅಂತ ನಾನು ಮನಸ್ಸಿನಲ್ಲೇ ಪೇಪರಿಗೆ ಹೆಸರೂ ಇಟ್ಟೆ.

"ಸುಮ್ನೆ ಒಂದ್ಸಲ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿಬಿಡು" ಅಂದರು.

ನೋಡಿದೆ. ಗುಂಡು ಪಾಕದಲ್ಲಿ ಅದ್ದಿ ತೆಗೆದ ಜಾಮೂನಿನ ಹಾಗಿತ್ತು. ಅಂಟಿಸಲು ಹಚ್ಚಿದ ಎಪಾಕ್ಸಿ ಮೇಲಿಂದ ಕೆಳಗಿನವರೆಗೂ ಹರಿದು ಕೂತಿತ್ತು. ಎರಡು ವಾರ ನಾನು ಅಳೆದದ್ದು ಎಪಾಕ್ಸಿ ಎಷ್ಟು ಚೆನ್ನಾಗಿ ಅಂಟುತ್ತದೆ ಅಂತ. ಅದನ್ನು ಟ್ಯೂಬಿನ ಮೇಲೇ ಬರೆದಿರುತ್ತಾರೆ, ಅಲ್ವಾ?

ಡಬ್ಬಿಯಿಂದ ಹೊಸ ಕ್ಯಾಂಟಿಲಿವರ್ ತೆಗೆದೆ. ಚಿಮಟ ಜಾರಿತು.