ಕಾಯಿಸಿ ಕೊಡುವ ಆಂಪ್ಲಿಫೈಯರ್

ಕೈಯಿಂದ ಆಂಪ್ಲಿಫೈಯರ್ ಮಾಡಿಕೊಡುವವರ ಬಳಿ ಕೇಳಬಾರದ ಪ್ರಶ್ನೆಯೊಂದಿದ್ದರೆ ಅದು ‘ಯಾವಾಗ ಸಿಗುತ್ತದೆ’ ಎಂಬುದು. ಬೆಲೆ ಕೇಳಿದರೆ ಹೇಳುತ್ತಾರೆ, ಚೌಕಾಸಿ ಮಾಡಿದರೆ ನಕ್ಕು ಸುಮ್ಮನಾಗುತ್ತಾರೆ, ಯಾವ ವಾಲ್ವು (ಟ್ರಾನ್ಸಿಸ್ಟರಿಗೂ ಮೊದಲು ದನಿ ಹಿಗ್ಗಿಸುತ್ತಿದ್ದ ಗಾಜಿನ ಕೊಳವೆ) ಒಳ್ಳೆಯದೆಂದು ಕೇಳಿದಿರೋ ಊಟದ ಹೊತ್ತು ಮೀರುವವರೆಗೂ ಮಾತನಾಡುತ್ತಾರೆ. ತಾರೀಖಿನ ಮಾತೆತ್ತಿದ ಕೂಡಲೇ ಮಾತ್ರ ಕೈಯಲ್ಲಿದ್ದ ಸೋಲ್ಡರಿಂಗ್ ಐರನ್ನನ್ನು ಸ್ಟ್ಯಾಂಡಿಗೆ ಒರಗಿಸಿ, ‘ಟ್ರಾನ್ಸ್‌ಫಾರ್ಮರ್ ಆಗಲಿ ಸ್ವಾಮಿ, ಆಮೇಲೆ ನೋಡೋಣ’ ಎಂದುಬಿಡುತ್ತಾರೆ. ನಾನು ಮುಂಗಡ ಕೊಟ್ಟು ಕಾದದ್ದು ಇಂಥವರೊಬ್ಬರ ಬಳಿ. ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಮಹಡಿಯ ಕೋಣೆಯನ್ನೇ ಕಾರ್ಯಾಗಾರ ಮಾಡಿಕೊಂಡಿರುವ ನಿವೃತ್ತರು ಅವರು. ಬೆಳಿಗ್ಗೆ ಆರ್ಡರ್ ಮಾಡಿದ ಸ್ಪೀಕರು ಸಂಜೆಯೊಳಗೆ ಬಾಗಿಲಿಗೆ ಬಂದು ಬೀಳುವ ಊರಿನಲ್ಲಿ ತಿಂಗಳುಗಟ್ಟಲೆ ಕಾಯುವವನನ್ನು ಜನ ಒಂದು ಬಗೆಯ ಕನಿಕರದಿಂದ ನೋಡುತ್ತಾರೆ. ನನ್ನ ಹೆಂಡತಿಯಂತೂ ‘ಬಂತೇ?’ ಎಂದು ಕೇಳುವುದನ್ನು ಬಿಟ್ಟು, ‘ಅವರು ಆರೋಗ್ಯವಾಗಿದ್ದಾರಷ್ಟೇ?’ ಎಂದು ವಿಚಾರಿಸತೊಡಗಿದಳು.

ಅವರು ಮಾಡುತ್ತಿದ್ದದ್ದು ಹೊಸ ಆವಿಷ್ಕಾರವೇನೂ ಆಗಿರಲಿಲ್ಲ. ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿ 1954ರಲ್ಲಿ ಹವ್ಯಾಸಿಗಳಿಗೆಂದು ಪ್ರಕಟಿಸಿದ ‘ಫೈವ್-ಟೆನ್’ ಎಂಬ ಸರ್ಕ್ಯೂಟು ಅದು: ಐದು ವಾಲ್ವು, ಹತ್ತು ವ್ಯಾಟು. ಮೊದಲಿಗೆ ಒಂದು ಇಎಫ್86, ಅದರ ಮುಂದೆ ಇಸಿಸಿ83, ಕೊನೆಯಲ್ಲಿ ಒಂದು ಜೊತೆ ಇಎಲ್84, ಇವಕ್ಕೆಲ್ಲ ವಿದ್ಯುತ್ತು ಸರಿಪಡಿಸಿ ಕೊಡಲು ಇಝಡ್81. ಎರಡು ಕಿವಿಗಳಿಗೂ ಬೇರೆಬೇರೆಯಾಗಿ ಕೇಳಬೇಕೆಂದರೆ ಇಂಥವು ಎರಡು ಬೇಕು. ಕಂಪನಿಗೆ ವಾಲ್ವು ಮಾರಬೇಕಿತ್ತು. ಆದ್ದರಿಂದ ನಕ್ಷೆಯನ್ನೂ ಬಿಡಿಭಾಗಗಳ ಬೆಲೆಬಾಳುವ ವಿವರಗಳನ್ನೂ ಅದು ಯಾವ ಮುಚ್ಚುಮರೆಯೂ ಇಲ್ಲದೆ ಲೋಕಕ್ಕೆ ಹಂಚಿತು. ಅದಕ್ಕೂ ಮೊದಲು 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರು ತಮ್ಮ ಆಂಪ್ಲಿಫೈಯರಿನ ನಕ್ಷೆಯನ್ನು ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಹೀಗೆಯೇ ಬಿಚ್ಚಿಟ್ಟಿದ್ದರು. ವ್ಯಾಪಾರದ ಗುಟ್ಟೆಂಬುದು ಇಲ್ಲದ್ದರಿಂದಲೇ ಈ ಯಂತ್ರಗಳು ಎಪ್ಪತ್ತು ವರ್ಷ ದಾಟಿಯೂ ಉಳಿದುಕೊಂಡಿವೆ ಎಂದು ನಾನು ತಿಳಿದಿದ್ದೇನೆ. ಮಾಡಿದ ಮನುಷ್ಯ ಇಲ್ಲವಾದರೂ, ಮಾಡಿದ ಕಂಪನಿ ಮುಚ್ಚಿದರೂ, ಓದಬಲ್ಲ ಮತ್ತೊಬ್ಬ ಬಂದು ಅದನ್ನು ಬಿಚ್ಚಿ ನೋಡಿ ಸರಿಪಡಿಸಬಹುದು.

ಈ ಕಥೆಗೆ ನಮ್ಮ ಊರೂ ಸೇರಿಕೊಂಡಿದೆ ಎಂಬುದು ನನಗೆ ಸಣ್ಣ ಹೆಮ್ಮೆಯ ವಿಷಯ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಮನೆಮನೆಯ ರೇಡಿಯೊಗಳಲ್ಲಿ ಬಿಸಿಯಾಗಿ ಉರಿದ ಆ ವಾಲ್ವುಗಳು ಟ್ರಾನ್ಸಿಸ್ಟರ್ ಬಂದ ಮೇಲೆ ಬೇಡದ ಸರಕಾಗಿ ಗೋದಾಮುಗಳಲ್ಲಿ, ಮೆಕ್ಯಾನಿಕ್ಕುಗಳ ಅಟ್ಟಗಳಲ್ಲಿ ಕುಳಿತವು. ಈಗ ಬಿಇಎಲ್ ಎಂಬ ಮುದ್ರೆಯ, ಒಮ್ಮೆಯೂ ಬಳಸದ ಇಎಲ್84 ಸಿಕ್ಕರೆ ಹೊರದೇಶದ ಹವ್ಯಾಸಿಗಳೂ ಕೈಚಾಚುತ್ತಾರೆ. ನಮ್ಮ ಆಂಪ್ಲಿಫೈಯರಿನವರು ಮಾತ್ರ ಅವನ್ನು ಹಳೆಯ ಪರಿಚಯದ ಬಲದಿಂದ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಯ ಅಂಗಡಿಗಳ ಹಿಂದಿನ ಕೋಣೆಗಳಿಂದ ಒಂದೊಂದಾಗಿ ಕೂಡಿಸಿಟ್ಟಿದ್ದರು, ಮತ್ತು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬ ವಿಷಯದಲ್ಲಿ ಹೆಣ್ಣು ಕೊಡುವ ತಂದೆಯಷ್ಟು ಬಿಗಿಯಾಗಿದ್ದರು.

ಕಾಯುವುದೇಕೆ ಎಂಬುದಕ್ಕೆ ಉತ್ತರ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿದೆ. ಕಬ್ಬಿಣದ ಸುತ್ತ ಎರಡು ತಂತಿ ಸುರುಳಿಗಳಿದ್ದು, ವಾಲ್ವಿನ ವಿದ್ಯುತ್ತನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಭಾಗ ಅದು. ವಾಲ್ವಿನ ಕಡೆ ವೋಲ್ಟೇಜು ಮುನ್ನೂರರ ಆಸುಪಾಸು, ಹರಿಯುವ ಕರೆಂಟು ಅತ್ಯಲ್ಪ. ಸ್ಪೀಕರಿಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ. ಒಂದು ಜೊತೆ ಇಎಲ್84 ಸುಮಾರು 8000 ಓಮ್‌ನ (ಓಮ್ ಎಂದರೆ ವಿದ್ಯುತ್ತಿಗೆ ಎದುರಾಗುವ ತಡೆಯ ಅಳತೆ) ಹೊರೆಯನ್ನು ಬಯಸಿದರೆ ಸ್ಪೀಕರಿನದು ಬರಿಯ 8 ಓಮ್. ಸಾವಿರ ಪಟ್ಟಿನ ಈ ಅಂತರವನ್ನು ಹೊಂದಿಸಲು ತಂತಿಯ ಸುತ್ತುಗಳ ಪ್ರಮಾಣ ಸಾವಿರದ ವರ್ಗಮೂಲದಷ್ಟು, ಎಂದರೆ ಹೆಚ್ಚುಕಡಿಮೆ 32ಕ್ಕೆ 1ರಂತೆ ಇರಬೇಕು; ಒಂದು ಕಡೆ 3200 ಸುತ್ತು ಬಂದರೆ ಇನ್ನೊಂದು ಕಡೆ 100. ಇಷ್ಟೇ ಆಗಿದ್ದರೆ ಸ್ಟೆಬಿಲೈಸರ್ ರಿಪೇರಿ ಮಾಡುವ ವೈಂಡಿಂಗ್ ಅಂಗಡಿಯಲ್ಲಿ ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತಿತ್ತು. ಆದರೆ ಮೃದಂಗದ ತೊಪ್ಪಿಯ ಗುಂಕಾರ ಗುಂಕಾರವಾಗಿಯೇ ಕೇಳಬೇಕಾದರೆ ಸುತ್ತುಗಳೂ ಕಬ್ಬಿಣವೂ ಧಾರಾಳವಾಗಿರಬೇಕು. ತಾಳದ ಕಿಣಿಕಿಣಿ ಮಂಕಾಗದೆ ಬರಬೇಕಾದರೆ ಎರಡೂ ಸುರುಳಿಗಳು ಒಂದಕ್ಕೊಂದು ಆದಷ್ಟು ಒತ್ತಿಕೊಂಡಿರಬೇಕು. ಸುತ್ತು ಹೆಚ್ಚಾದಂತೆ ಸುರುಳಿ ದಪ್ಪವಾಗಿ ಪದರಗಳು ದೂರ ಸರಿಯುತ್ತವೆ. ತೊಪ್ಪಿಯನ್ನು ಒಲಿಸಿಕೊಂಡರೆ ತಾಳ ಮುನಿಯುತ್ತದೆ. ಬಲ್ಲವರು ಇದಕ್ಕೆ ಕಂಡುಕೊಂಡ ದಾರಿಯೆಂದರೆ ಎರಡೂ ಸುರುಳಿಗಳನ್ನು ಹೋಳುಹೋಳು ಮಾಡಿ, ಇದರ ಒಂದು ಪದರ, ಅದರ ಒಂದು ಪದರ ಎಂದು ಮೇಲಿಂದ ಮೇಲೆ ಸುತ್ತುತ್ತ ಹೋಗುವುದು.

ಆ ಸುತ್ತುವಿಕೆಯನ್ನು ನಾನು ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಬಾಬಿನ್ನನ್ನು ಕೈಯಿಂದ ತಿರುಗಿಸುವ ಪುಟ್ಟ ಯಂತ್ರಕ್ಕೆ ಸಿಕ್ಕಿಸಿ, ಬಲಗೈಯಲ್ಲಿ ಹಿಡಿಯನ್ನು ಒಂದೇ ವೇಗದಲ್ಲಿ ತಿರುಗಿಸುತ್ತ, 36 ಗೇಜಿನ ಎನಾಮಲ್ ತಂತಿಯನ್ನು ಎಡಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಹಾಯಿಸುತ್ತಾರೆ. ತಂತಿಯ ದಪ್ಪ ಮಿಲಿಮೀಟರಿನ ಐದನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಸ್ವಲ್ಪ ಬಿಗಿದರೆ ತುಂಡಾಗುತ್ತದೆ, ಸ್ವಲ್ಪ ಸಡಿಲಿಸಿದರೆ ಸುತ್ತಿನ ಮೇಲೆ ಸುತ್ತು ಹತ್ತಿ ಕೂರುತ್ತದೆ. ಒಂದು ಪದರ ಮುಗಿದರೆ ತೆಳುವಾದ ಕಾಗದ, ಅದರ ಮೇಲೆ ಮತ್ತೊಂದು ಪದರ. ಸುತ್ತು ಎಣಿಸುವ ಮೀಟರು ಯಂತ್ರದಲ್ಲಿದ್ದರೂ ಅವರ ತುಟಿ ತನ್ನ ಪಾಡಿಗೆ ಎಣಿಸುತ್ತಿರುತ್ತದೆ. ಆ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಎತ್ತುವುದಿಲ್ಲ, ಮನೆಯವರು ಕಾಫಿ ತಂದರೆ ಕಣ್ಣಿನಲ್ಲೇ ಜಾಗ ತೋರಿಸುತ್ತಾರೆ. ನಡುವೆ ತಂತಿ ತುಂಡಾದರೆ ಬೆಸುಗೆ ಹಾಕಿ ಮುಂದುವರಿಯುವವರು ಬಹಳ ಮಂದಿ. ಇವರು ಹಾಗೆ ಮಾಡುವುದಿಲ್ಲ, ಬಿಚ್ಚಿ ಮೊದಲಿನಿಂದ ಸುತ್ತುತ್ತಾರೆ. ಪದರಗಳ ಆಳದಲ್ಲಿ ಹೂತುಹೋದ ಬೆಸುಗೆ ಎಂದಾದರೊಂದು ದಿನ ಕೈಕೊಟ್ಟರೆ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ ಎಂಬುದು ಅವರ ವಾದ. ಸುತ್ತುವುದು ಮುಗಿದ ಮೇಲೆ ಇಂಗ್ಲಿಷಿನ ಇ ಮತ್ತು ಐ ಆಕಾರದ ಕಬ್ಬಿಣದ ತಗಡುಗಳನ್ನು ಒಂದು ಈ ಕಡೆಯಿಂದ, ಒಂದು ಆ ಕಡೆಯಿಂದ ಸೇರಿಸಿ, ಬಿಗಿದು, ವಾರ್ನಿಷಿನಲ್ಲಿ ಅದ್ದಿ ಒಣಗಿಸಬೇಕು. ನನ್ನ ದುರದೃಷ್ಟಕ್ಕೆ ಆಗ ಮಳೆಗಾಲ. ವಾರ್ನಿಷ್ ಒಣಗಲಿಲ್ಲ ಎಂಬ ಕಾರಣವನ್ನು ಕೇಳಿ ನಂಬಿದ ಗ್ರಾಹಕರು ಈ ನಗರದಲ್ಲಿ ಬಹಳ ಜನ ಇರಲಾರರು.

ಆಂಪ್ಲಿಫೈಯರಿನ ತಳದ ಮುಚ್ಚಳ ತೆಗೆದು ತಿರುವಿ ಹಾಕಿದಾಗ ಕಾಣುವುದು ಮತ್ತೊಂದು ಲೋಕ. ಅಚ್ಚು ಹಾಕಿದ ಹಸಿರು ಹಲಗೆಯ ಬದಲು ಟ್ಯಾಗ್ ಸ್ಟ್ರಿಪ್ಪುಗಳ, ಎಂದರೆ ತೂತಿರುವ ಲೋಹದ ಕಿವಿಗಳ ಪಟ್ಟಿಗಳ, ಸಾಲು. ರೆಸಿಸ್ಟರಿನ ಕಾಲನ್ನು ಟ್ಯಾಗಿನ ತೂತಿನಲ್ಲಿ ತೂರಿಸಿ, ಕೊಕ್ಕೆಯಾಗಿ ಬಗ್ಗಿಸಿ, ಇಕ್ಕಳದಿಂದ ಅದುಮಿದ ಮೇಲಷ್ಟೇ ಬೆಸುಗೆ. ಬೆಸುಗೆ ಇಲ್ಲದೆಯೂ ಜೋಡಣೆ ಅಲುಗಾಡದೆ ನಿಲ್ಲಬೇಕು, ಬೆಸುಗೆ ಬರಿಯ ಕರೆಂಟಿಗೆ ದಾರಿ ಎಂಬುದು ಹಳಬರ ಪಾಠ. ಚೆನ್ನಾಗಿ ಕರಗಿ ಹರಿದ ಬೆಸುಗೆ ಬೆಳ್ಳಿಯಂತೆ ಹೊಳೆಯುತ್ತದೆ. ಬೂದಿ ಬಣ್ಣಕ್ಕೆ ತಿರುಗಿ ಮರಳುಮರಳಾಗಿ ಕಂಡರೆ ಅದು ಡ್ರೈ ಸೋಲ್ಡರ್, ಇಂದಲ್ಲದಿದ್ದರೆ ನಾಳೆ ಕರಕರ ಎನ್ನುವುದು ಖಂಡಿತ. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕಂಡೆನ್ಸರುಗಳನ್ನು ಅವರು ಬಿಸಿ ವಾಲ್ವುಗಳಿಂದ ದೂರಕ್ಕೆ, ಗಾಳಿಯಾಡುವ ಮೂಲೆಗೆ ಸರಿಸಿದ್ದರು. ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನ ಒಳಗಿರುವ ದ್ರವ ವರ್ಷಗಳ ಮೇಲೆ ಒಣಗುತ್ತದೆ, ಮತ್ತು ಅದರ ಸುತ್ತಲಿನ ಬಿಸಿ ಹತ್ತು ಡಿಗ್ರಿ ಇಳಿದರೆ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನಲ್ಲಿ ಎಲ್ಲರೂ ಒಪ್ಪುವ ಅಂದಾಜು. ಒಂದೆರಡು ಅಂಗುಲ ಪಕ್ಕಕ್ಕೆ ಇಟ್ಟದ್ದರಿಂದ ಎಷ್ಟೋ ವರ್ಷ ಹೆಚ್ಚು ಬಾಳುವುದಾದರೆ, ಆ ಒಂದೆರಡು ಅಂಗುಲವನ್ನು ಯೋಚಿಸಲು ಒಂದು ವಾರ ತೆಗೆದುಕೊಂಡವರ ಮೇಲೆ ಸಿಟ್ಟು ಮಾಡುವುದು ಕಷ್ಟ.

ಹಾಗೆಂದು ಕೈಯಿಂದ ಮಾಡಿದ್ದೆಲ್ಲವೂ ಶ್ರೇಷ್ಠವೆಂಬ ಭಕ್ತಿ ನನಗಿಲ್ಲ. ಕಂಪ್ಯೂಟರ್ ಹಿಡಿತದಲ್ಲಿರುವ ವೈಂಡಿಂಗ್ ಯಂತ್ರ ಮನುಷ್ಯನ ಬೆರಳಿಗಿಂತ ಸಮನಾದ ಬಿಗುವಿನಲ್ಲಿ ತಂತಿ ಸುತ್ತಬಲ್ಲದು. ಬೆರಳುಗುರಿನ ಗಾತ್ರದ ಚಿಪ್ಪೊಂದು ಮೀಟರಿನ ಲೆಕ್ಕದಲ್ಲಿ ವಾಲ್ವಿಗಿಂತ ಶುದ್ಧವಾಗಿ ಹತ್ತು ವ್ಯಾಟು ಕೊಡಬಲ್ಲದು. ಈ ಹವ್ಯಾಸದ ತುದಿಗೆ ಹೋದಂತೆ ಕೈಕೆಲಸಕ್ಕೆ ಪೂಜೆ ಪುನಸ್ಕಾರಗಳೇ ನಡೆಯುತ್ತವೆ. ಜಪಾನಿನ ಹಿರೊಯಾಸು ಕೊಂಡೊ ಅವರ ‘ಒಂಗಾಕು’ ಎಂಬ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರಿಗೆ ಸುತ್ತಿರುವುದು ತಾಮ್ರವಲ್ಲ, ಬೆಳ್ಳಿಯ ತಂತಿ. ಅದರ ಬೆಲೆಗೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ಬಂದೀತು. ಅದೇ ದೇಶದ ಕೊಯೆತ್ಸು ಎಂಬ ಗ್ರಾಮಫೋನ್ ಕಾರ್ಟ್ರಿಜ್‌ಗೆ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಭಾಗ) ಹೆಸರು ಬಂದಿರುವುದು ಹೋನಾಮಿ ಕೊಯೆತ್ಸು ಎಂಬ ಹಳೆಯ ಕಲಾವಿದನಿಂದ. ಅವನ ಮನೆತನದ ಕಸುಬು ಕತ್ತಿಗಳಿಗೆ ಮೆರುಗು ಕೊಡುವುದು, ಅವುಗಳ ಬೆಲೆ ಕಟ್ಟುವುದು. ಆ ಕಾರ್ಟ್ರಿಜ್ಜಿನ ಒಳಗೆ ಕೂದಲಿಗಿಂತ ತೆಳುವಾದ ತಂತಿಯನ್ನು ಭೂತಗನ್ನಡಿಯಡಿ ಸುತ್ತಿದ ಕೈಗೆ ನಾನು ತಲೆಬಾಗುತ್ತೇನೆ. ಆದರೆ ಬೆಳ್ಳಿಯಿಂದ ಸ್ವರ ಸಿಹಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ, ಕಣ್ಣು ಕಟ್ಟಿಕೊಂಡು ಗುರುತಿಸಿ ತೋರಿಸಿ ಎಂದು ಕೇಳುವಷ್ಟು ಒರಟುತನವನ್ನು ಉಳಿಸಿಕೊಂಡಿದ್ದೇನೆ. ನಮ್ಮವರೂ ಈ ವಿಷಯದಲ್ಲಿ ನನ್ನ ಪಕ್ಷ. ‘ತಾಮ್ರವನ್ನೇ ಸರಿಯಾಗಿ ಸುತ್ತುವವರಿಲ್ಲ’ ಎನ್ನುತ್ತಾರೆ.

ಎದುರಿಗೇ ಇರುವ ಮನುಷ್ಯನಿಂದ ಮಾಡಿಸಿಕೊಳ್ಳುವುದರಲ್ಲಿ ಬೇರೆಯೇ ಲಾಭಗಳಿವೆ. ನಮ್ಮ ಬೀದಿಯಲ್ಲಿ 230 ವೋಲ್ಟ್ ಎಂಬುದು ಕಾಗದದ ಮೇಲಿನ ಮಾತು. ರಾತ್ರಿ ಹನ್ನೊಂದರ ಮೇಲೆ ಅದು 250ಕ್ಕೆ ಏರಿದ್ದೂ ಉಂಟು. ಹಾಗೆ ಏರಿದಾಗ 6.3 ವೋಲ್ಟಿನಲ್ಲಿ ಕಾಯಬೇಕಾದ ವಾಲ್ವಿನ ಹೀಟರಿಗೆ 6.8 ಬೀಳುತ್ತದೆ, ಆಯಸ್ಸು ಸವೆಯುತ್ತದೆ. ಅವರು ಮೊದಲು ಕೇಳಿದ್ದೇ ನಮ್ಮ ಮನೆಯ ವೋಲ್ಟೇಜನ್ನು ಬೆಳಿಗ್ಗೆ, ಸಂಜೆ, ರಾತ್ರಿ ಬರೆದು ತನ್ನಿ ಎಂದು. ಆ ಪಟ್ಟಿ ನೋಡಿಯೇ ಪವರ್ ಟ್ರಾನ್ಸ್‌ಫಾರ್ಮರಿಗೆ 220, 230, 240, 250ರ ಟ್ಯಾಪಿಂಗುಗಳನ್ನು, ಎಂದರೆ ಬೇರೆಬೇರೆ ವೋಲ್ಟೇಜಿಗೆ ಹೊಂದುವ ಕವಲು ತಂತಿಗಳನ್ನು, ಹೊರತೆಗೆದರು. ಆಮೇಲೆ ಕೇಳಿದ್ದು ಸ್ಪೀಕರು ಯಾವುದು ಎಂದು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 90 ಡೆಸಿಬಲ್ ಕೊಡುವ ಸ್ಪೀಕರಾದರೆ ಹತ್ತು ವ್ಯಾಟಿಗೆ 100 ಡೆಸಿಬಲ್ ಸಿಗುತ್ತದೆ, ನಡುಮನೆಗೆ ಅದು ಧಾರಾಳ. ಇಪ್ಪತ್ತು ವ್ಯಾಟಿಗೆ ದುಡ್ಡು ಸುರಿದರೆ ಹೆಚ್ಚುವುದು ಬರಿಯ ಮೂರು ಡೆಸಿಬಲ್. ‘ನಿಮಗೆ ಹತ್ತು ಸಾಕು’ ಎಂದು ಗ್ರಾಹಕನ ಖರ್ಚು ಇಳಿಸಿದ ವ್ಯಾಪಾರಿಯನ್ನು ನಾನು ಕಂಡದ್ದು ಅಪರೂಪ. ನನ್ನ ಹಳೆಯ ಸ್ಪೀಕರಿನ ಕೋನಿನ ಅಂಚಿಗಿದ್ದ ಫೋಮ್ ಹಿಟ್ಟಾಗಿ ಉದುರುತ್ತಿದ್ದದ್ದನ್ನು ಬೆರಳಿನಿಂದ ಮುಟ್ಟಿ ತೋರಿಸಿ, ರಬ್ಬರಿನ ಅಂಚು ಹಾಕಿಸಿಕೊಳ್ಳಿ, ಫೋಮ್ ನಮ್ಮ ಹವೆಗೆ ತಡೆಯುವುದಿಲ್ಲ ಎಂದರು.

ಕಾಯುವ ತಿಂಗಳುಗಳಲ್ಲಿ ಇನ್ನೊಂದು ಆಗುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಕು ಎಂಬುದು ನಿಜವಾಗಿ ಬೇಕೋ ಎಂಬುದು ತಾನಾಗಿ ಗೊತ್ತಾಗುತ್ತದೆ. ಹೊಸದರ ಉಮೇದಿನಲ್ಲಿ ಮುಂಗಡ ಕೊಟ್ಟವರಲ್ಲಿ ಕೆಲವರು ನಡುವೆಯೇ ಬಂದು ಹಣ ವಾಪಸು ಕೇಳಿದ್ದಾರಂತೆ; ಅವರು ಒಂದು ಮಾತೂ ಆಡದೆ ಕೊಟ್ಟುಬಿಡುತ್ತಾರೆ. ಉಳಿದವರು ಆಂಪ್ಲಿಫೈಯರು ಬರುವ ಮೊದಲೇ ತಮ್ಮಲ್ಲಿರುವ ರೆಕಾರ್ಡುಗಳನ್ನು ಮತ್ತೆ ಕೇಳತೊಡಗಿರುತ್ತಾರೆ. ಗಂಗೂಬಾಯಿ ಹಾನಗಲ್ಲರ ಗಡಸು ಕಂಠ ಕೆಳಷಡ್ಜಕ್ಕೆ ಇಳಿಯುವಾಗ ನನ್ನ ಹಳೆಯ ಯಂತ್ರದಲ್ಲಿ ಏನು ಕಳೆದುಹೋಗುತ್ತಿದೆ ಎಂಬುದನ್ನು ನಾನು ಗಮನಿಸಿದ್ದು ಆ ತಿಂಗಳುಗಳಲ್ಲಿಯೇ. ಕೂಡಲೇ ಸಿಕ್ಕಿದ್ದರೆ ಹೊಸದನ್ನು ಹೊಗಳುವ ಆತುರದಲ್ಲಿ ಹೋಲಿಸಿ ನೋಡುವ ಕಿವಿಯೇ ನನಗಿರುತ್ತಿರಲಿಲ್ಲ.

ಮನೆಗೆ ಬಂದ ಮೇಲೂ ಅದು ಒಡನೆಯೇ ಹಾಡುವುದಿಲ್ಲ. ಸ್ವಿಚ್ಚು ಒತ್ತಿದರೆ ಮೊದಲು ಕಿತ್ತಳೆ ಬಣ್ಣದ ಮಂದ ಬೆಳಕು, ಅರ್ಧ ನಿಮಿಷದ ಬಳಿಕ ಸಣ್ಣಗೆ ದನಿ, ಪೂರಾ ಹದಕ್ಕೆ ಬರಲು ಇನ್ನಷ್ಟು ಹೊತ್ತು. ಬಂದ ನೆಂಟರು ‘ಕೆಟ್ಟಿದೆಯಾ?’ ಎಂದು ಕೇಳುವಷ್ಟರಲ್ಲಿ ಶುರುವಾಗುತ್ತದೆ. ಇದೇ ಹುಚ್ಚಿನ ಗೆಳೆಯರು ಬೇರೆ ಬೇರೆ ದೇಶದ ಇಎಲ್84ಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಇದನ್ನು ಹಾಕಿ ನೋಡು, ಅದನ್ನು ಹಾಕಿ ನೋಡು ಎಂದು ಒತ್ತಾಯಿಸುತ್ತಾರೆ. ನಾನು ಅವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಜಾಲಹಳ್ಳಿಯ ವಾಲ್ವುಗಳು ಸವೆಯುವವರೆಗೆ ಬದಲಾಯಿಸುವ ಪ್ರಶ್ನೆಯಿಲ್ಲ, ಮತ್ತು ಕೆಲವು ಸಾವಿರ ಗಂಟೆ ಬಾಳುವ ವಾಲ್ವನ್ನು ದಿನಕ್ಕೆ ಒಂದೆರಡು ಗಂಟೆ ಉರಿಸಿದರೆ ಸವೆಯಲು ವರ್ಷಗಳೇ ಬೇಕು.

ತಳದ ಮುಚ್ಚಳದ ಒಳಬದಿಗೆ ಅವರು ಒಂದು ಕಾಗದ ಅಂಟಿಸಿದ್ದಾರೆ. ಹಿಂದಿನ ರೇಡಿಯೊಗಳಲ್ಲಿ ಯಾವ ವಾಲ್ವು ಎಲ್ಲಿ ಎಂದು ತೋರಿಸುವ ಚೀಟಿ ಇರುತ್ತಿತ್ತಲ್ಲ, ಅದರ ಹಾಗೆ. ಇದರಲ್ಲಿ ಪೂರ್ತಿ ಸರ್ಕ್ಯೂಟಿನ ನಕ್ಷೆ, ಇಎಲ್84ರ ಏಳನೆಯ ಪಿನ್ನಿನಲ್ಲಿ ಎಷ್ಟು ವೋಲ್ಟು, ಮೂರನೆಯದರಲ್ಲಿ ಎಷ್ಟು ಎಂಬ ಅಳತೆಗಳು, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಸುತ್ತುಗಳು ಮತ್ತು ಪದರಗಳ ಕ್ರಮ, ಎಲ್ಲವೂ ದುಂಡಗಿನ ಅಕ್ಷರದಲ್ಲಿವೆ. ಕೆಳಗೆ ಕೆಂಪು ಶಾಯಿಯಲ್ಲಿ, ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ ಕರೆಂಟು ನಿಂತಿರುತ್ತದೆ, ಡಿಸ್ಚಾರ್ಜ್ ಮಾಡದೆ ಕೈ ಹಾಕಬೇಡಿ ಎಂಬ ಎಚ್ಚರಿಕೆ. ಕಂಡೆನ್ಸರುಗಳನ್ನು ಮುಂದೆ ಎಂದಾದರೂ ಬದಲಿಸಬೇಕಾಗುತ್ತದೆ, ಅದಕ್ಕೆ ತಾನೇ ಬೇಕೆಂದಿಲ್ಲ, ಬೆಸುಗೆ ಬಲ್ಲ ಯಾವ ಹುಡುಗನಾದರೂ ಈ ಕಾಗದ ನೋಡಿಕೊಂಡು ಮಾಡಬಲ್ಲ ಎಂದಿದ್ದಾರೆ. ಹುಡುಗನ ಕೈಗೆ ಕೊಡುವ ಮೊದಲು ಅವನು ಹಾಕಿದ ಬೆಸುಗೆ ಹೊಳೆಯುತ್ತದೆಯೇ ನೋಡಿ ಎಂದೂ ಸೇರಿಸಿದ್ದಾರೆ.