ನನ್ನ ಲೇಖನ, ನನ್ನ ದುಡ್ಡು, ಅವರ ಅಪ್ಪಣೆ

ನಾನು ಬರೆದ ಲೇಖನವನ್ನು ನಾನೇ ಕನ್ನಡಕ್ಕೆ ತರಬೇಕಾದರೆ ಅದನ್ನು ಪ್ರಕಟಿಸಿದ ಸಮುದ್ರದಾಚೆಯ ಒಂದು ಕಂಪನಿಗೆ ಅರ್ಜಿ ಹಾಕಿಕೊಳ್ಳಬೇಕಂತೆ. ಅರ್ಜಿಯ ಜೊತೆಗೆ ಶುಲ್ಕವೂ ಇದೆ. ಮೂರು ದಿನದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ, ಇಲ್ಲಿ ಹೇಳಿಕೊಳ್ಳದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ನಾನು ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ನಾನೂ ನಾಲ್ವರು ವಿದ್ಯಾರ್ಥಿನಿಯರೂ ಸೇರಿ ಎರಡು ವರ್ಷ ಯಲಹಂಕದಾಚೆಯ ಒಂದು ಬಡಾವಣೆಯ ಕೊಳವೆಬಾವಿಗಳ ನೀರು ಪರೀಕ್ಷಿಸಿದೆವು. ತಿಂಗಳಿಗೊಮ್ಮೆ ಬಾಟಲಿ ತುಂಬಿದ ಚೀಲಗಳನ್ನು ಹೊತ್ತು ಬಿಎಂಟಿಸಿ ಬಸ್ಸು ಹತ್ತುತ್ತಿದ್ದೆವು. ಒಮ್ಮೆ ಕಂಡಕ್ಟರ್ ಒಬ್ಬರು ಚೀಲಕ್ಕೂ ಟಿಕೆಟ್ ಹರಿದು, "ಏನಮ್ಮಾ, ಗಂಗಾಜಲವೇ?" ಎಂದು ಕೇಳಿದ್ದರು. ಗಂಗಾಜಲವಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ಭಾರತೀಯ ಮಾನಕ. ಹಲವು ಬಾವಿಗಳಲ್ಲಿ ದಾಟಿತ್ತು. ಅಲ್ಲಿಯ ತಾಯಂದಿರು ಆ ನೀರನ್ನು ಚೆನ್ನಾಗಿ ಕುದಿಸಿ ಕೂಸಿಗೆ ಪುಡಿಹಾಲು ಕಲಸುತ್ತಿದ್ದರು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಈ ಒಂದು ಮಾತು ಆ ಮನೆಗಳಿಗೆ ಮುಟ್ಟಲಿ ಎಂದೇ ಲೇಖನವನ್ನು ಎಲ್ಲರೂ ಓದುವಂತೆ ಮುಕ್ತವಾಗಿ ಪ್ರಕಟಿಸಲು ಹೊರಟೆ.

ಮುಕ್ತ ಅಂದರೆ ಓದುಗರಿಗೆ ಪುಕ್ಕಟೆ, ಬರೆದವರಿಗೆ ಅಲ್ಲ. ಪ್ರಕಾಶಕರಿಗೆ 1,80,000 ರೂಪಾಯಿ ತೆತ್ತೆವು. ಅರ್ಧ ಕಾಲೇಜಿನದು, ಅರ್ಧ ನನ್ನ ಉಳಿತಾಯದ್ದು. ಲೇಖನ ಪರಿಶೀಲಿಸಿದ ಇಬ್ಬರು ವಿದ್ವಾಂಸರಿಗೆ ಅದರಲ್ಲಿ ಒಂದು ಬಿಡಿಗಾಸೂ ಸಿಗುವುದಿಲ್ಲ, ಅದು ಬೇರೆ ಮಾತು.

ಹಣಕ್ಕೆ ಮೊದಲು ಒಂದು ನಮೂನೆ ಬಂತು. ರಾತ್ರಿ ಹನ್ನೊಂದು ಗಂಟೆ, 48 ಗಂಟೆಯೊಳಗೆ ಸಹಿ ಹಾಕಿ ಎಂಬ ತಾಕೀತು. ಲೇಖನವನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಹೇಳುವ ಎರಡು ಪರವಾನಗಿಗಳಲ್ಲಿ ಒಂದನ್ನು ಆರಿಸಬೇಕು. ಒಂದು ಕ್ರಿಯೇಟಿವ್ ಕಾಮನ್ಸ್ ಬಿವೈ: ಲೇಖಕರ ಹೆಸರು ಹೇಳಿ ಯಾರು ಏನು ಬೇಕಾದರೂ ಮಾಡಿಕೊಳ್ಳಬಹುದು. ಇನ್ನೊಂದು ಅದಕ್ಕೇ ಎನ್‌ಸಿ ಮತ್ತು ಎನ್‌ಡಿ ಎಂಬ ಎರಡು ಬಾಲ ಸೇರಿಸಿದ್ದು. ಆ ಎರಡನೆಯದರ ಮುಂದೆ ಗುರುತು ಮೊದಲೇ ಹಾಕಿಟ್ಟಿದ್ದರು. ಎನ್‌ಸಿ ಅಂದರೆ ವಾಣಿಜ್ಯ ಬಳಕೆ ಸಲ್ಲದು ಎಂದು ಓದಿ, ನಮ್ಮ ನೀರಿನ ಲೆಕ್ಕವನ್ನು ಯಾವನೋ ಫಿಲ್ಟರ್ ಮಾರುವವನು ಜಾಹೀರಾತಿಗೆ ಬಳಸದಿದ್ದರೆ ಒಳ್ಳೆಯದೇ ಅಂದುಕೊಂಡೆ. ಎನ್‌ಡಿ ಕಡೆಗೆ ಕಣ್ಣು ಹಾಯಿಸಲಿಲ್ಲ. ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಗುರುತನ್ನು ಅಲ್ಲಿ ಮೊದಲೇ ಹಾಕಿಟ್ಟವರು ಯಾರು, ಯಾಕೆ?

ಎನ್‌ಡಿ ಅಂದರೆ ಮೂಲವನ್ನು ಮಾರ್ಪಡಿಸಿ ಹಂಚಬಾರದು. ಅನುವಾದವೂ ಮಾರ್ಪಾಡೇ. ಪರವಾನಗಿಯ 4.0 ಆವೃತ್ತಿಯಲ್ಲಿ ಇನ್ನೊಂದು ತಮಾಷೆ ಇದೆ: ಅನುವಾದ ಮಾಡಿ ಮನೆಯಲ್ಲಿ ಇಟ್ಟುಕೊಳ್ಳಬಹುದು, ಯಾರಿಗೂ ಕೊಡುವಂತಿಲ್ಲ. ಅಂದರೆ ನಾನು ಕನ್ನಡದಲ್ಲಿ ಬರೆದು, ಬೀರುವಿನಲ್ಲಿಟ್ಟು, ಆಗಾಗ ತೆಗೆದು ನಾನೇ ಓದಿಕೊಳ್ಳಬಹುದು!

ನೀವೇ ಲೇಖಕರಲ್ಲವೇ, ನಿಮಗೇನು ಅಡ್ಡಿ ಎಂದು ಕೇಳುತ್ತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಲೇಖನದ ಮೊದಲ ಪುಟದಲ್ಲಿ ಹಕ್ಕುಸ್ವಾಮ್ಯದ ಚಿಹ್ನೆಯ ಪಕ್ಕ ನನ್ನ ಹೆಸರೇ ಇದೆ. ಆದರೆ ಅದೇ ನಮೂನೆಯ ಮೂರನೆಯ ಪುಟದಲ್ಲಿ, ಇರುವೆಸಾಲಿನಂಥ ಅಕ್ಷರದಲ್ಲಿ, ಪ್ರಕಟಿಸುವ, ಅನುವಾದಿಸುವ, ಮಾರುವ ಹಕ್ಕನ್ನೆಲ್ಲ ಪ್ರಕಾಶಕರಿಗೆ ಮಾತ್ರ ಕೊಟ್ಟಿದ್ದೇನೆ ಎಂದು ಬರೆದಿದೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಲೇಖಕರ ಮೇಲೆ ಸ್ವಲ್ಪ ಕರುಣೆ ಇಟ್ಟುಕೊಂಡೇ ಹುಟ್ಟಿದ್ದು. ಒಪ್ಪಂದದಲ್ಲಿ ಅವಧಿ ಹೇಳದಿದ್ದರೆ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಮಾತ್ರ ಎನ್ನುತ್ತದೆ ಅದರ 19ನೆಯ ಕಲಮು. ಅದಕ್ಕೇ ಇವರು ಎರಡನ್ನೂ ಮರೆಯದೆ ಬರೆಸಿಕೊಳ್ಳುತ್ತಾರೆ: ಇಡೀ ಜಗತ್ತು, ಹಕ್ಕಿನ ಪೂರ್ತಿ ಅವಧಿ. ಪೂರ್ತಿ ಅವಧಿ ಅಂದರೆ ನಾನು ಸತ್ತು 60 ವರ್ಷ. ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಕಟ್ಟಿದವರು ಕೊಟ್ಟವನು ಕೈಯಿಂದ ದುಡ್ಡನ್ನೂ ಹಾಕುತ್ತಾನೆಂದು ಊಹಿಸಿರಲಾರರು.

ಬಡಾವಣೆಯ ಸಂಘದವರು ಎಂಟು ಪುಟದ ಕನ್ನಡ ಪುಸ್ತಿಕೆ ಕೇಳಿದರು, 500 ಪ್ರತಿ. ಪ್ರಕಾಶಕರಿಗೆ ಪತ್ರ ಬರೆದೆ. ಅನುಮತಿ ಪುಟದಲ್ಲಿ ಅರ್ಜಿ ತುಂಬಿ ಎಂಬ ಉತ್ತರ ಬಂತು. ತುಂಬಿದೆ. ನೀವು ಯಾರು ಎಂಬ ಪ್ರಶ್ನೆಗೆ "ಈ ಲೇಖನದ ಲೇಖಕಿ" ಎಂದು ಗುರುತು ಹಾಕಿದೆ. ಯಾವ ಭಾಷೆಗೆ ಎಂಬಲ್ಲಿ ಉದ್ದದ ಪಟ್ಟಿ ಬಿಚ್ಚಿಕೊಂಡಿತು. ಕೆಳಗಿನವರೆಗೂ ಹುಡುಕಿದೆ, ಕನ್ನಡವೇ ಇಲ್ಲ. "ಇತರೆ" ಎಂದು ಒತ್ತಿದೆ. ಕೊನೆಗೆ ಒಂದು ಮೊತ್ತ ತೋರಿಸಿತು, ಡಾಲರಿನಲ್ಲಿ. ಮುದ್ರಣದ ಖರ್ಚಿಗಿಂತ ಅದೇ ಹೆಚ್ಚು!

ವಕೀಲ ಗೆಳತಿಗೆ ಫೋನ್ ಮಾಡಿದೆ. "ಅಂಕಿ ಅಂಶಕ್ಕೆ, ಸತ್ಯ ಸಂಗತಿಗೆ ಹಕ್ಕುಸ್ವಾಮ್ಯವಿಲ್ಲ, ವಾಕ್ಯಗಳಿಗೆ ಮತ್ತು ಚಿತ್ರಗಳಿಗೆ ಮಾತ್ರ. ಮೂಲವನ್ನು ಮುಚ್ಚಿಟ್ಟು ಹೊಸದಾಗಿ ಬರೆ" ಎಂದಳು. ಸರಿಯಾದ ಸಲಹೆ. ಈಗ ನನ್ನ ಕೆಲಸವೇನೆಂದರೆ, ನನ್ನದೇ ಬರಹ ನನ್ನದರಂತೆ ಕಾಣದ ಹಾಗೆ ಬರೆಯುವುದು. ಮಕ್ಕಳಿಗೆ ನಕಲು ಮಾಡಬೇಡಿ ಎಂದು ಹದಿನಾಲ್ಕು ವರ್ಷ ಬೋಧಿಸಿದ್ದಕ್ಕೆ ಸಿಕ್ಕ ಫಲ.

ಇಲ್ಲಿನ ಪತ್ರಿಕೆಗೇ ಕಳಿಸಬಹುದಿತ್ತಲ್ಲ ಎನ್ನುವವರಿಗೂ ಉತ್ತರ ಹೇಳಿಬಿಡುತ್ತೇನೆ. ಇದೇ ಊರಿನಿಂದ 1932ರಿಂದ ಕರೆಂಟ್ ಸೈನ್ಸ್ ಎಂಬ ವಿಜ್ಞಾನ ಪತ್ರಿಕೆ ಹೊರಬರುತ್ತಿದೆ. 1934ರಲ್ಲಿ ಸಿ. ವಿ. ರಾಮನ್ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದ್ದೂ ಇಲ್ಲಿಯೇ. ಲೇಖನಗಳು ಎಲ್ಲರಿಗೂ ಸಿಗಲೆಂದು ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಡಿಜಿಟಲ್ ಭಂಡಾರ ತೆರೆದದ್ದು 2002ರಲ್ಲಿ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಹುಟ್ಟಿದ ವರ್ಷವೇ. ಆದರೆ ಬಡ್ತಿಯ ಸಮಿತಿಯಲ್ಲಿ ಕುಳಿತ ಹಿರಿಯರು ಲೇಖನ ತೆರೆದು ನೋಡುವುದಿಲ್ಲ, ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕ, ಎಷ್ಟು ಎಂದು ಕೇಳುತ್ತಾರೆ. ಇವರ ಬಾಯಿಂದ ಒಂದು ಸಲವಾದರೂ "ಪರವಾನಗಿ ಯಾವುದು?" ಎಂಬ ಪ್ರಶ್ನೆ ಬಂದದ್ದನ್ನು ನಾನು ಕೇಳಿಲ್ಲ. ಸರ್ಕಾರದ್ದೂ ಅದೇ ಕಥೆ. 2024ರ ನವೆಂಬರಿನಲ್ಲಿ ಒಂದು ದೇಶ ಒಂದು ಚಂದಾ ಯೋಜನೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಮಂಜೂರು ಮಾಡಿತು, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಓದಲು. ಸರ್ಕಾರಿ ಸಂಸ್ಥೆಗಳಿಗೆ ಅನುಕೂಲವಾಗಿದೆ, ಸಂತೋಷ. ನಮ್ಮಂಥ ಖಾಸಗಿ ಕಾಲೇಜು ಆ ಪಟ್ಟಿಯಲ್ಲಿಲ್ಲ. ಅಷ್ಟು ಹಣ ಎಣಿಸಿ ಕೊಡುವಾಗ, ನಮ್ಮವರ ಲೇಖನಗಳನ್ನು ನಮ್ಮ ಭಾಷೆಗಳಿಗೆ ತರಲು ಅಡ್ಡಿ ಮಾಡಬೇಡಿ ಎಂಬ ಒಂದು ಸಾಲನ್ನು ಸೇರಿಸಲು ಯಾರಿಗೂ ತೋಚಲಿಲ್ಲವೇ?

ಮೊನ್ನೆ ಸಂಘದ ಹೆಂಗಸೊಬ್ಬರು ಫೋನ್ ಮಾಡಿದ್ದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಡಂ, ಬಾವಿ ನಮ್ಮದು, ನೀರು ನಮ್ಮದು, ಬರೆದವರು ನೀವು. ಇದರ ಮಧ್ಯೆ ಅವರು ಯಾರು?" ಎಂದರು. ಆಮೇಲೆ, ಭಾನುವಾರದ ಸಭೆಗೆ ಪುಸ್ತಿಕೆ ಬರುತ್ತದೆಯೋ ಇಲ್ಲವೋ ಅಷ್ಟು ಹೇಳಿ ಎಂದರು.

ಬರುತ್ತದೆ ಎಂದಿದ್ದೇನೆ. ಈಗ ರಾತ್ರಿ ಒಂದು ಗಂಟೆ. ಲೇಖನದಲ್ಲಿದ್ದ ಕಂಬಚಿತ್ರದ (ಬಾರ್ ಗ್ರಾಫ್) ಬದಲು ಬಡಾವಣೆಯ ನಕ್ಷೆಯನ್ನೇ ಕೈಯಲ್ಲಿ ಬರೆದು, ನೀರು ಕೆಟ್ಟ ಬಾವಿಗಳಿಗೆಲ್ಲ ಕೆಂಪು ಬೊಟ್ಟು ಇಡುತ್ತಿದ್ದೇನೆ. ಇನ್ನೂ ಎರಡು ಅಡ್ಡರಸ್ತೆ ಬಾಕಿ ಇವೆ.